ಸುಟ್ಟ ಸೇತುವೆಯ ಮೇಲೆ ಬಂದ ಕುದುರೆ

"ಈ ಪತ್ರ ನಿನ್ನ ಮಗಳು ಬರೆದದ್ದಲ್ಲ ಕಣವ್ವ."

ದ್ರಾಕ್ಷಾಯಣಮ್ಮ ಇಷ್ಟು ಹೇಳಿ, ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟರು. ಜೆರಾಕ್ಸ್ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಹುಚ್ಚಕ್ಕ ತಲೆ ಎತ್ತಿದಳು. ಕಂಪ್ಯೂಟರಿನ ಹಿಂದೆ ಕೂತಿದ್ದ ಜ್ಞಾನೇಶ ತಲೆ ತಗ್ಗಿಸಿದ.

ಇಬ್ಬರನ್ನೂ ದ್ರಾಕ್ಷಾಯಣಮ್ಮ ನೋಡಿದರು.

ಕಿಬ್ಬನಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದ ಹುಚ್ಚಕ್ಕನ ಮಗಳು ಪವಿತ್ರಾ ಸೋಮವಾರ ಮನೆ ಬಿಟ್ಟು ಹೋದವಳು ಶುಕ್ರವಾರವಾದರೂ ಬಂದಿರಲಿಲ್ಲ. ಮಂಗಳವಾರ ಬೆಳಿಗ್ಗೆ, ಅವಳು ನಾಲ್ಕು ವರ್ಷದಿಂದ ಬರೆಯುತ್ತಿದ್ದ ಆನ್‌ಲೈನ್ ಕಥೆಯಾಟದಲ್ಲಿ ಅವಳ ಪಾತ್ರದ ಹೆಸರಿನಿಂದ ಈ ಪತ್ರ ಬಂದಿತ್ತು.

'ಕೆರೆಯ ಮೆಟ್ಟಿಲು ಇಳಿಯುತ್ತಿದ್ದೇನೆ. ಅವ್ವ ಕೊಟ್ಟ ಹಸಿರು ಸೀರೆ ಉಟ್ಟಿದ್ದೇನೆ. ಇನ್ನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ನನ್ನ ಹೆಸರನ್ನು ಕಥೆಯಿಂದ ಅಳಿಸಿಬಿಡಿ.'

ಅಷ್ಟೇ. ಮೆಡಿಕಲ್ ಶಾಪಿನಲ್ಲಿ ಜೊತೆಗಿದ್ದ ಹುಡುಗಿ ಇದನ್ನು ಓದಿ ಹೇಳಿದಾಗಿನಿಂದ ಹುಚ್ಚಕ್ಕ ಕೊಬ್ಬರಿ ಒಡೆಯುವ ಶೆಡ್ಡಿಗೆ ಹೋಗಿರಲಿಲ್ಲ. ಬುಧವಾರ ಪೊಲೀಸರು ಊರ ಕೆರೆಯಲ್ಲಿ ದೋಣಿ ಇಳಿಸಿ ಹುಡುಕಿದ್ದೂ ಆಗಿತ್ತು.

"ಬರ್ದಿಲ್ವಾ? ಹೆಂಗೇಳ್ತೀರಾ ಅಮ್ಮಾರೇ? ಅವ್ಳ ಹೆಸ್ರು ಐತಂತಲ್ಲಾ ಅದ್ರಾಗೆ?"

"ಅವಳ ಹೆಸರಲ್ಲ. ನೇರಳೆ ಅನ್ನೋ ಪಾತ್ರದ ಹೆಸರು."

ತಿಪಟೂರಿನ ಒಂದು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ನೋಡಿ ನಿವೃತ್ತರಾದವರು ದ್ರಾಕ್ಷಾಯಣಮ್ಮ. ಯಾರ ಬರವಣಿಗೆಯಲ್ಲಿ ಯಾರ ಕೈ ಸೇರಿದೆ ಎಂದು ಕಂಡುಹಿಡಿಯುವುದು ಅವರಿಗೆ ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ರೂಢಿ. ಪೊಲೀಸರೂ ಆಗೀಗ ಅನುಮಾನದ ಕಾಗದ ಹಿಡಿದು ಅವರ ಮನೆ ಬಾಗಿಲು ತಟ್ಟುವುದಿತ್ತು.

ಅವರು ಚೀಲದಿಂದ ದಪ್ಪ ನೋಟ್‌ಬುಕ್ ಒಂದನ್ನು ತೆಗೆದರು. ಪವಿತ್ರಾಳದು. ಅವಳ ಟ್ರಂಕಿನಲ್ಲಿ ಸಿಕ್ಕಿದ್ದು.

"ಎರಡು ದಿನ ಕೂತು ಇದನ್ನ ಓದಿದೀನಪ್ಪ ಜ್ಞಾನೇಶ್. ನಿಮ್ಮ 'ಏಳುಬೆಟ್ಟದ ಸೀಮೆ'ಯಲ್ಲಿ ಯಾರು ಯಾವತ್ತು ಏನು ಮಾಡಿದ್ರು, ಎಲ್ಲಾ ಬರೆದಿಟ್ಟಿದ್ದಾಳೆ ಹುಡುಗಿ. ನಿನ್ನ ಸೈಟಿನಲ್ಲೂ ಇಷ್ಟು ನೇರ್ಪಾಗಿಲ್ಲ."

ಆ ಆಟವನ್ನು ಕಟ್ಟಿದವನು ಜ್ಞಾನೇಶನೇ. ಅದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಬರೀ ಬರವಣಿಗೆ. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಬರೆಯಬೇಕು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಬೇಕು. ನಲವತ್ತು ಜನ ಇದ್ದರು.

"ಮೊದಲನೇ ಪುಟ ನೋಡು. ನೇರಳೆ ಅನಾಥೆ. ಕಣಿವೆಯಲ್ಲಿ ಕುರಿ ಕಾಯೋರಿಗೆ ಸಿಕ್ಕಿದ ಕೂಸು. ನಾಲ್ಕು ವರ್ಷ ಅವಳು ತನ್ನ ತಾಯಿ ಯಾರು ಅಂತ ಹುಡುಕ್ತಾನೇ ಇದ್ದಾಳೆ. ಪವಿತ್ರಾ ಬರೆದ ಕಥೆಯ ಜೀವ ಇರೋದೇ ಅದರಲ್ಲಿ. ಅಂಥವಳು 'ಅವ್ವ ಕೊಟ್ಟ ಸೀರೆ' ಅಂತ ಬರೀತಾಳಾ? ಯಾವ ಅವ್ವ?"

ಜ್ಞಾನೇಶ ಹಾಳೆಯನ್ನು ಎಳೆದುಕೊಂಡು ಓದಿದ.

"ನಾನು ಗಮನಿಸ್ಲೇ ಇಲ್ಲಮ್ಮ."

"ನೀನು ಅಡ್ಮಿನ್ನು. ಗಮನಿಸೋದೇ ನಿನ್ನ ಕೆಲಸ. ನೇರಳೆಯ ಪಾಸ್‌ವರ್ಡ್ ಯಾರ ಹತ್ತಿರ ಇತ್ತು?"

ಹೊರಗೆ ಕೊಬ್ಬರಿ ಮೂಟೆ ತುಂಬಿದ ಲಾರಿಯೊಂದು ರಿವರ್ಸ್ ತೆಗೆಯುತ್ತ ಕಿರುಚಿತು. ಅದು ಹೋಗುವವರೆಗೂ ಅವನು ಕಾದ.

"ಸೋಮವಾರ ಪವಿತ್ರಾನ ಹೊರಗೆ ಹಾಕ್ದೆ. ನಮ್ಮಲ್ಲಿ ಆಟಗಾರರು ಹೋದ್ರೂ ಪಾತ್ರ ಸೈಟಿನದೇ. ಪಾಸ್‌ವರ್ಡ್ ಬದಲಾಯಿಸಿ… ರಣಕೇಸರಿ ಅನ್ನೋ ಪಾತ್ರ ಬರೆಯೋರಿಗೆ ಕೊಟ್ಟೆ. ನೇರಳೆ ಕಥೆಗೆ ಒಂದು ಮುಕ್ತಾಯ ಬರೀರಿ ಅಂದೆ."

"ಅವಳನ್ನ ಕಂಡ್ರಾಗದವರ ಕೈಗೇ ಕೊಟ್ಯಾ?"

"ಕಂಡ್ರಾಗಲ್ಲ ಅಂತಲ್ಲ ಅಮ್ಮ…"

"ಈ ನೋಟ್‌ಬುಕ್ಕಿನ ಕೊನೇಲಿರೋ ಸೇತುವೆ ವಿಷಯ ಹೇಳು."

ಅವನು ಹೇಳಿದ. ಎರಡು ವರ್ಷದ ಹಿಂದೆ, ಕಥೆಯಲ್ಲಿ, ಶತ್ರು ಸೈನ್ಯ ಒಳಗೆ ಬರದಂತೆ ನೇರಳೆ ಕಣಿವೆಯ ಸೇತುವೆಗೆ ಬೆಂಕಿ ಇಟ್ಟಿದ್ದಳು. ಹನ್ನೊಂದು ಜನ ನಾಲ್ಕು ತಿಂಗಳು ಬರೆದ ಯುದ್ಧ ಅದು. ಮೂವರು ತಮ್ಮ ಪಾತ್ರಗಳನ್ನೇ ಆ ಸೇತುವೆಯ ಮೇಲೆ ಸಾಯಿಸಿಕೊಂಡಿದ್ದರು. ಹೋದ ತಿಂಗಳು ರಣಕೇಸರಿ ಅದೇ ಸೇತುವೆಯ ಮೇಲೆ ಕುದುರೆ ಓಡಿಸಿಕೊಂಡು ಬಂದ, ಏನೂ ಆಗಿಲ್ಲವೆಂಬಂತೆ. ಪವಿತ್ರಾ ಕೇಳಿದಳು: ಸುಟ್ಟ ಸೇತುವೆ ಮೇಲೆ ಹೇಗೆ ಬಂದಿರಿ? ಜ್ಞಾನೇಶ ತೀರ್ಪು ಕೊಟ್ಟ: ಸೇತುವೆ ಸುಟ್ಟೇ ಇಲ್ಲ. ಆ ನಾಲ್ಕು ತಿಂಗಳ ಬರವಣಿಗೆ ಕ್ಯಾನನ್ ಅಲ್ಲ. ಪವಿತ್ರಾ ಜಗಳ ಬಿಡದಿದ್ದಾಗ ಸೋಮವಾರ ಅವಳನ್ನೇ ಹೊರಗೆ ಹಾಕಿದ.

"ಕ್ಯಾನನ್ ಅಂದ್ರೆ?"

"ನಡೆದದ್ದು ಅಂತ ಎಲ್ಲರೂ ಒಪ್ಪಿಕೊಂಡ ಕಥೆ."

"ಎಲ್ಲರೂ ಒಪ್ಪಿದ್ದನ್ನ ನೀನೊಬ್ಬ ಅಳಿಸಿದೆ. ಒಬ್ಬರ ಕುದುರೆಗೋಸ್ಕರ."

"ಹೌದಮ್ಮ."

"ಯಾಕೆ?"

"ಅಪ್ಪ ಇಪ್ಪತ್ತೆರಡು ದಿನ ಆಸ್ಪತ್ರೇಲಿದ್ರು. ಸೈಟಿನ ಕಡೆ ನಾನು ತಲೆ ಹಾಕ್ಲಿಲ್ಲ. ಎಲ್ರೂ ಬರಿಯೋದು ನಿಲ್ಸಿದ್ರು. ರಣಕೇಸರಿ ಒಬ್ರೇ ದಿನಾ ಬರೆದು ಕಥೆ ಉಳಿಸಿದ್ರು. ದಿನಾ ಒಂದು ಮೆಸೇಜ್ ಹಾಕೋರು, ಇವತ್ತು ಅಪ್ಪ ಏನು ತಿಂದ್ರು ಅಂತ. ಅಪ್ಪ ಹೋದ್ಮೇಲೆ… ಅವರಿಗೆ ಇಲ್ಲ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ. ಮೊದಲು ಸಣ್ಣ ವಿಷಯ. ಆಮೇಲೆ ಎಲ್ಲದಕ್ಕೂ."

ದ್ರಾಕ್ಷಾಯಣಮ್ಮನ ದನಿ ತುಸು ಮೆತ್ತಗಾಯಿತು. "ಯಾರಪ್ಪ ಅವರು?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಆಗಲಿ. ಮೊದಲು ಈ ತಾಯಿಯ ಮಗಳು ಸಿಗಲಿ. ಆಮೇಲೆ ನೀನೇ ಹೇಳ್ತೀಯ."

ಹುಚ್ಚಕ್ಕನಿಗೆ ಸೇತುವೆ, ಕುದುರೆ ಯಾವುದೂ ತಲೆಗೆ ಹೋಗಿರಲಿಲ್ಲ. ಅವಳು ಕೇಳಿದ್ದು ಒಂದೇ. "ಅಮ್ಮಾರೇ, ಹಂಗಾದ್ರೆ ನನ್ ಮಗ್ಳು ಕೆರೆಗೆ ಬಿದ್ದಿಲ್ಲ ಅಲ್ವ್ರಾ?"

"ಬೀಳ್ತೀನಿ ಅಂತ ಅವಳು ಬರೆದಿಲ್ಲ. ಅಷ್ಟು ಖಾತ್ರಿ."

ಹುಚ್ಚಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಮೂರು ದಿನದಲ್ಲಿ ಮೊದಲ ಸಲ ಅಂಗಡಿಯ ಲೋಟದ ನೀರು ಕುಡಿದಳು.

"ಸೋಮವಾರ ಪವಿತ್ರಾ ಬಿಟ್ಟರೆ ಇನ್ಯಾರು ಹೊರಗೆ ಹೋದ್ರು?" ದ್ರಾಕ್ಷಾಯಣಮ್ಮ ಕೇಳಿದರು.

ಜ್ಞಾನೇಶ ಪರದೆ ತಿರುಗಿಸಿದ. "ಒಬ್ರೇ. ಬೊಮ್ಮ. ಕುದುರೆ ಲಾಯದ ಹುಡುಗನ ಪಾತ್ರ. ಪವಿತ್ರಾನ ಹಾಕಿದ ಅರ್ಧ ಗಂಟೆಗೆ 'ನಾನೂ ಹೊರಟೆ' ಅಂತ ಬರೆದು ಹೋದ. ಚಿಕ್ಕ ಹುಡುಗ ಅಮ್ಮ. ಹೈಸ್ಕೂಲಿರಬೇಕು. ನಾನೇ ಎಷ್ಟೋ ಸಲ ಬೈದು ಓದೋಕೆ ಕಳಿಸಿದೀನಿ. ಹೊನ್ನವಳ್ಳಿಯವನು. ಒಂದ್ಸಲ, ಹೊನ್ನವಳ್ಳೀಲಿ ಕರೆಂಟಿಲ್ಲ, ಇವತ್ತು ಬರಿಯಲ್ಲ ಅಂದಿದ್ದ."

"ಅವನು ಬರೆದದ್ದು ತೋರಿಸು."

ದ್ರಾಕ್ಷಾಯಣಮ್ಮ ಓದುತ್ತ ಹೋದರು. ಆಮೇಲೆ ಅವರು ನಕ್ಕರು.

"ನಿನ್ನ ಬೊಮ್ಮ ಲಾಯದ ಮೆಟ್ಟಿಲು ಹತ್ತುವಾಗಲೆಲ್ಲ ಒಂದು ಕೈ ಮಂಡಿ ಮೇಲೆ ಊರ್ತಾನೆ. ಮೂರು ಕಡೆ ಇದೆ. ಹದಿನೈದು ವರ್ಷದ ಹುಡುಗನಿಗೆ ಮಂಡಿ ನೋವಾ?"

ಜ್ಞಾನೇಶ ಕಣ್ಣು ಕಿರಿದು ಮಾಡಿದ.

"ಇಲ್ಲಿ ನೋಡು. ರಾಜನ ತೋಟದಲ್ಲಿ ಬೀಜದ ತೆಂಗಿನಕಾಯಿ ಮಡಿಯಲ್ಲಿ ಹೂಳೋದನ್ನ ಬರೆದಿದ್ದಾನೆ. ಕಾಯಿ ಅಡ್ಡ ಮಲಗಿಸಬೇಕು, ಮೇಲೆ ಮರಳು ಎಷ್ಟು ಹಾಕಬೇಕು, ಮೊಳಕೆ ಯಾವ ತಿಂಗಳಲ್ಲಿ ಕಣ್ಣು ಬಿಡುತ್ತೆ. ಇದು ಪುಸ್ತಕ ನೋಡಿ ಬರೆದದ್ದಲ್ಲ. ಹೊನ್ನವಳ್ಳಿಯಲ್ಲಿ ತೆಂಗಿನ ಸಸಿ ಮಾಡೋ ನರ್ಸರಿ ಎಷ್ಟಿವೆ? ವಯಸ್ಸಾದವರದು? ಅವಳ ಹಿಂದೆಯೇ ಆಟ ಬಿಟ್ಟವರ ಹತ್ರಾನೇ ಅವಳು ಹೋಗಿರಬೇಕು. ಅಂಗಡಿ ಮುಚ್ಚು. ನಿನ್ನ ವ್ಯಾನ್ ತೆಗಿ."

*

ಹೊನ್ನವಳ್ಳಿಯ ಬಸ್ ನಿಲ್ಲುವ ಕಡೆ ಒಬ್ಬ ಟೀ ಅಂಗಡಿಯವನನ್ನು ಕೇಳಿದ್ದಕ್ಕೇ ದಾರಿ ಸಿಕ್ಕಿತು. "ಸಸಿ ಬೇಕಾ? ಚಿಕ್ಕಗೌರಮ್ಮನ ಹತ್ರ ಹೋಗಿ. ಮುಂದೆ ಎಡಕ್ಕೆ."

ತೋಟದ ಬೇಲಿ ದಾಟಿದರೆ ಸಾಲು ಸಾಲು ಮಡಿ. ಪ್ರತಿ ಮಡಿಯಲ್ಲೂ ಮೊಳಕೆಯೊಡೆದ ಕಾಯಿಗಳು ಹಸಿರು ಕಿವಿ ನಿಮಿರಿಸಿ ನಿಂತಿದ್ದವು. ಮೂರು ನಾಲ್ಕು ಹೆಂಗಸರು ಬಗ್ಗಿ ಸಸಿ ಕೀಳುತ್ತಿದ್ದರು. ಅವರಲ್ಲೊಬ್ಬಳು, ತಲೆಗೆ ಟವೆಲ್ ಸುತ್ತಿಕೊಂಡವಳು, ವ್ಯಾನಿನ ಸದ್ದಿಗೆ ತಿರುಗಿದಳು.

ಹುಚ್ಚಕ್ಕ ವ್ಯಾನು ನಿಲ್ಲುವ ಮೊದಲೇ ಇಳಿದಿದ್ದಳು.

ಓಡಿದಳು. ಮಡಿಯ ಅಂಚಿನಲ್ಲಿ ಎಡವಿ, ಸಾವರಿಸಿಕೊಂಡು, ಮಗಳ ಎದುರು ನಿಂತಳು. ಪವಿತ್ರಾಳ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಉಗುರಿನ ತುಂಬ ಕೆಮ್ಮಣ್ಣು.

"ಏನೇ ಇದು? ಮನ್ಯಾಗೆ ಒಂದ್ ಸೌದೆ ಎತ್ತಿಡು ಅಂದ್ರೆ ಎತ್ತಿಟ್ಟೋಳಲ್ಲ. ಇಲ್ಲಿ ಬಂದು ಮಣ್ ಕೆಲ್ಸ ಮಾಡ್ತಿದ್ದೀಯಾ?"

ಇಷ್ಟು ಹೇಳಿ ಅಲ್ಲೇ ಸಸಿಗಳ ನಡುವೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಅಳುವಿನ ನಡುವೆಯೇ ನಗುತ್ತಿದ್ದಳು.

"ಯಾಕವ್ವಾ? ಏನಾಯ್ತು?" ಪವಿತ್ರಾಳಿಗೆ ದಿಗಿಲು. "ಒಂದು ವಾರ ಎಲ್ಲಾದ್ರೂ ಇದ್ದು ಬತ್ತೀನಿ ಅಂತ ಹೇಳಿದ್ನಲ್ಲ. ಆ ಫೋನ್ ಒಲೆಗೆ ಹಾಕು ಅಂತ ನೀನೇ ಬೈದೆ. ಅದಕ್ಕೇ ಆಫ್ ಮಾಡಿ ಇಟ್ಟೆ."

"ನೀನು ವಾರ ಇದ್ದು ಬತ್ತೀನಿ ಅಂದದ್ದು ಸಿಟ್ನಾಗೆ ಅಂದ್ಕೊಂಡೆ ಕಣೇ. ಕೆರೇಲಿ ದೋಣಿ ಬುಟ್ಟು ಹುಡ್ಕುಸ್ದೆ ನಿನ್ನ."

ಪವಿತ್ರಾ ತಾಯಿಯ ಪಕ್ಕ ಮಣ್ಣಿನಲ್ಲೇ ಕೂತು ಅವಳ ಹೆಗಲಿಗೆ ತಲೆ ಇಟ್ಟಳು.

ಮನೆಯ ಕಡೆಯಿಂದ ಅರವತ್ತು ದಾಟಿದ ಹೆಂಗಸೊಬ್ಬರು ಜಗಲಿಯ ಮೆಟ್ಟಿಲಿಳಿದು ಬಂದರು, ಒಂದು ಕೈ ಮಂಡಿಯ ಮೇಲೆ ಊರಿಕೊಂಡು. ಜ್ಞಾನೇಶ ಬಿಟ್ಟ ಕಣ್ಣು ಬಿಟ್ಟಂತೆ ನಿಂತ.

"ನೀವು… ಬೊಮ್ಮ?"

"ನೀನಾ ಅಡ್ಮಿನ್ನು?" ಚಿಕ್ಕಗೌರಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಪರೀಕ್ಷೆ ಹತ್ರ ಬಂತು, ಹೋಗಿ ಓದ್ಕೋ ಮರಿ ಅಂತಿದ್ಯಲ್ಲಪ್ಪ. ಮೂವತ್ತು ವರ್ಷ ಅಂಗನವಾಡಿ ನಡೆಸ್ದೋಳು ನಾನು. ನಿನ್ನಂಥೋರಿಗೆ ಅಕ್ಷರ ತಿದ್ಸಿದೀನಿ."

ದ್ರಾಕ್ಷಾಯಣಮ್ಮ ಜೋರಾಗಿ ನಕ್ಕುಬಿಟ್ಟರು. ಜ್ಞಾನೇಶನೂ ನಕ್ಕ, ನಾಚಿಕೊಂಡು.

ವಿಷಯ ತಿಳಿದ ಮೇಲೆ ಮಾತ್ರ ಚಿಕ್ಕಗೌರಮ್ಮ ಪವಿತ್ರಾಳನ್ನು ಬಿಡಲಿಲ್ಲ. "ಅಮ್ಮಂಗೆ ಹೇಳೇ ಬಂದಿದೀನಿ ಅಂದ್ಯಲ್ಲೇ ನನ್ಹತ್ರ? ಇಲ್ಲಿಗೆ ಅಂತ ಹೇಳಿದ್ಯಾ? ಆಟ ಬಿಟ್ಟು ಬಂದ ಮೇಲೆ ನಾನು ಆ ಸೈಟು ತೆಗ್ದೇ ನೋಡಿಲ್ಲ, ಇಲ್ದಿದ್ರೆ ಮಂಗಳವಾರವೇ ನಿನ್ನ ಬಸ್ ಹತ್ತುಸ್ತಿದ್ದೆ."

"ತಪ್ಪಾಯ್ತು ಗೌರಮ್ಮ."

ದ್ರಾಕ್ಷಾಯಣಮ್ಮ ಠಾಣೆಗೆ ಫೋನ್ ಮಾಡಿ ಹುಡುಗಿ ಸಿಕ್ಕಿದಳೆಂದು ತಿಳಿಸಿದರು. ಎಲ್ಲರಿಗೂ ಜಗಲಿಯಲ್ಲಿ ಎಲೆ ಹಾಕಿದರು. ಬಿಸಿ ಮುದ್ದೆ, ಹುರುಳಿಕಾಳು ಸಾರು. ಹುಚ್ಚಕ್ಕ ಎರಡು ಮುದ್ದೆ ಉಂಡಳು. ಮೂರನೆಯದನ್ನು ಚಿಕ್ಕಗೌರಮ್ಮ ಬಲವಂತವಾಗಿ ಹಾಕಿದಾಗ, ಬೇಡವೆನ್ನಲಿಲ್ಲ.

ಕೈ ತೊಳೆದು ಬಂದ ಜ್ಞಾನೇಶ ಪವಿತ್ರಾಳ ಎದುರು ನಿಂತ.

"ಸೇತುವೆ ಸುಟ್ಟಿತ್ತು ಪವಿತ್ರಾ. ನೀವೇ ಸುಟ್ರಿ. ಇಲ್ಲ ಅಂತ ನಾನು ಸುಳ್ಳು ಹೇಳ್ದೆ. ಇವತ್ತೇ ಸೈಟಲ್ಲಿ ಹಾಕ್ತೀನಿ. ಸೇತುವೆ ಮೇಲೆ ಪಾತ್ರ ಸಾಯಿಸ್ಕೊಂಡ ಆ ಮೂರು ಜನಕ್ಕೂ ನಾನೇ ಬರೀತೀನಿ."

ಪವಿತ್ರಾ ತಲೆಯ ಟವೆಲ್ ಬಿಚ್ಚಿ ಮಡಚಿದಳು. "ಅಣ್ಣ, ನಾನು ಗೆಲ್ಲಬೇಕು ಅಂತ ಜಗಳ ಆಡಿದ್ದಲ್ಲ. ದಿನಾ ಅಂಗಡೀಲಿ ನಿಂತು ಮಾತ್ರೆ ಎಣಿಸೋಳು ನಾನು. ನಾನು ಮಾಡಿದ್ದು ಅಂತ ಎಲ್ರೂ ನೆನಪಿಟ್ಕೊಂಡಿದ್ದು ಅದೊಂದೇ. ಅದೂ ನಡೆದಿಲ್ಲ ಅಂದ್ಬಿಟ್ರಿ."

"ಗೊತ್ತು."

"ಸರಿ ಬಿಡಿ. ಈಗ ಒಪ್ಕೊಂಡ್ರಲ್ಲ." ಅವಳು ಕೈ ಚಾಚಿದಳು. "ನಂಗೆ ಆ ಪತ್ರ ತೋರ್ಸಿ. ನನ್ನ ನೇರಳೆ ಬಾಯಲ್ಲಿ ಅದೇನು ಆಡಿಸಿದ್ದಾರೋ ನೋಡ್ತೀನಿ."

ದ್ರಾಕ್ಷಾಯಣಮ್ಮ ಹಾಳೆ ಕೊಟ್ಟರು.

ನಗುತ್ತಲೇ ಓದಲು ಶುರು ಮಾಡಿದ ಪವಿತ್ರಾಳ ನಗು ಎರಡನೇ ಸಾಲಿಗೆ ನಿಂತಿತು. ಮತ್ತೊಮ್ಮೆ ಓದಿದಳು.

"ಅಮ್ಮ, ರಣಕೇಸರಿ ಹಿಂಗೆ ಬರಿಯಲ್ಲ. ಅವರದು ಬರೀ ಆರ್ಭಟ. ಕತ್ತಿ, ಕುದುರೆ, ಸಿಂಹಾಸನ. ಮೂರು ವರ್ಷದಲ್ಲಿ ಒಂದು ಸೀರೆ ಬಣ್ಣ ಬರೆದೋರಲ್ಲ."

"ಮುಂದೆ ಹೇಳು."

"'ಯಾರಿಗೂ ಉತ್ತರ ಕೊಡಬೇಕಾಗಿಲ್ಲ.' ನೇರಳೆಗೆ ಉತ್ತರ ಕೇಳೋರು ಯಾರಿದ್ದಾರೆ? ಅವಳು ಕಾಡಿನಲ್ಲಿ ಒಬ್ಳೇ ಇರೋಳು. ಇದು ಕಥೆ ಅಲ್ಲ ಅಮ್ಮ. ಯಾರೋ ತಮ್ಮದೇ ಬರೆದಿದ್ದಾರೆ."

ದ್ರಾಕ್ಷಾಯಣಮ್ಮ ಮೆಲ್ಲನೆ ಜ್ಞಾನೇಶನ ಕಡೆ ತಿರುಗಿದರು.

"ಈಗ ಹೇಳಪ್ಪ. ಮಾತು ಕೊಟ್ಟಿದ್ದು ಸಾಕು."

ಅವನು ಫೋನಿನಲ್ಲಿ ಹಳೆಯ ಕೊರಿಯರ್ ರಸೀತಿಗಳನ್ನು ಹುಡುಕಿದ. ವರ್ಷದ ಒಳ್ಳೆಯ ಬರಹಗಾರರಿಗೆ ಒಂದು ಪೆನ್ನು ಕಳಿಸುವ ಪದ್ಧತಿ. ಎರಡು ವರ್ಷವೂ ಅದು ರಣಕೇಸರಿಗೇ ಹೋಗಿತ್ತು.

"ಹೆಂಗಸು ಅಮ್ಮ. ನಿಸರ್ಗ ಅಂತ. ಮೊದಲನೇ ವರ್ಷ ತುರುವೇಕೆರೆಗೆ ಕಳಿಸಿದ್ದೆ, ತಾಯಿ ಮನೆ. ಆಮೇಲೆ ಮದುವೆ ಆಯ್ತು. ಹೋದ ವರ್ಷದ್ದು ಚಿಕ್ಕನಾಯಕನಹಳ್ಳಿಗೆ, ಗಂಡನ ಮನೆ. ಎರಡರಲ್ಲೂ ಮನೆಯವರ ನಂಬರಿದೆ. ಅವರ ನಂಬರ್ ನನ್ನ ಹತ್ರ ಇಲ್ಲ. ಮಂಗಳವಾರದಿಂದ ಏನೂ ಬರೆದಿಲ್ಲ ಅವರು. ನೇರಳೆ ಕಥೆ ಮುಗಿಸಿ ಸುಸ್ತಾಗಿರಬೇಕು ಅಂದ್ಕೊಂಡೆ."

ದ್ರಾಕ್ಷಾಯಣಮ್ಮ ಮೊದಲು ಚಿಕ್ಕನಾಯಕನಹಳ್ಳಿಗೆ, ಗಂಡನ ನಂಬರಿಗೆ ಮಾಡಿದರು. ಸ್ಪೀಕರ್ ಹಾಕಿದರು.

"ಹಲೋ, ಮಹಾಂತೇಶ್ ಅವರಾ? ನಾನು ತಿಪಟೂರಿಂದ, ದ್ರಾಕ್ಷಾಯಣಮ್ಮ ಅಂತ. ನಿಸರ್ಗ ಇದ್ದಾರಾ?"

"ಇಲ್ಲ. ತವರಿಗೆ ಹೋಗಿದ್ದಾಳೆ. ಸೋಮವಾರ ನಾನೇ ಬಸ್ ಹತ್ತಿಸಿದೀನಿ." ಉತ್ತರ ಮೊದಲೇ ಸಿದ್ಧವಿದ್ದಂತೆ ಬಂತು.

"ಅವರ ನಂಬರ್ ಕೊಡ್ತೀರಾ?"

"ಫೋನ್ ರಿಪೇರಿಗೆ ಕೊಟ್ಟಿದೆ. ಯಾಕೆ?"

"ಅವರನ್ನ ಹುಡುಕ್ತಾ ಇದೀವಿ. ಒಂದು ಮಾತಾಡಬೇಕಿತ್ತು. ಇರಲಿ, ತುರುವೇಕೆರೆಗೇ ಮಾಡ್ತೀನಿ."

ತುರುವೇಕೆರೆಯ ನಂಬರಿಗೆ ಒಂದು ಹೆಣ್ಣು ದನಿ ಸಿಕ್ಕಿತು. ನಿಸರ್ಗಳ ತಾಯಿ.

"ನಿಸರ್ಗಾನಾ? ಗಂಡನ ಮನೇಲವ್ಳೆ ಕಣ್ರೀ. ಹಬ್ಬಕ್ಕೆ ಬಂದು ಹೋದೋಳು ಆಮ್ಯಾಕೆ ಬಂದಿಲ್ಲ."

"ಸೋಮವಾರ ಬರಲಿಲ್ವಾ?"

ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ಇಲ್ಲ."

"ನೋಡಿ ತಾಯಿ, ಅವರು ನಿಮ್ಮಲ್ಲಿಗೇ ಹೊರಟರು ಅಂತ ಅಳಿಯಂದಿರು ಹೇಳ್ತಾರೆ. ಅವರನ್ನ ನಾವು ಹುಡುಕ್ತಾ ಇದೀವಿ…"

ಫೋನ್ ಕಟ್ಟಾಯಿತು. ಯಾಕೆ, ಏನಾಯಿತು ಎಂದು ಹೆತ್ತ ತಾಯಿ ಕೇಳಲಿಲ್ಲ. ಮತ್ತೆ ಮಾಡಿದರೆ ಎತ್ತಲಿಲ್ಲ.

ಹುಚ್ಚಕ್ಕ ಎಲೆಯಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದಳು. "ನಾಕ್ ದಿನ ಆತಲ್ಲ ಅಮ್ಮಾರೇ. ಇವ್ರು ಅವ್ರ ಮನ್ಯಾಗವ್ಳೆ, ಅವ್ರು ಇವ್ರ ಮನ್ಯಾಗವ್ಳೆ ಅಂದ್ರೆ, ಆ ಮಗೀನ ಯಾರೂ ಹುಡ್ಕೇ ಇಲ್ವಾ?"

ಸೈಟಿನ ನಲವತ್ತು ಜನರೂ ಮನಸಾರೆ ಬೈದುಕೊಂಡಿದ್ದ ಹೆಸರು ರಣಕೇಸರಿ. ಪವಿತ್ರಾ ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ ಅಣ್ಣ, ವ್ಯಾನ್ ತೆಗೀರಿ. ನಾನೂ ಬತ್ತೀನಿ."

ಆಗಲೇ ಚಾಪೆಯ ಮೇಲಿದ್ದ ಜ್ಞಾನೇಶನ ಫೋನು ಟಿಣ್ ಎಂದಿತು. ಸೈಟಿನಿಂದ ಸೂಚನೆ. ಅವನು ನೋಡಿ ಉಸಿರು ಬಿಟ್ಟ.

"ರಣಕೇಸರಿ! ಅಮ್ಮ, ಅವರೇ ಬರೆದಿದ್ದಾರೆ. ಈಗ ತಾನೇ."

ಎಲ್ಲರೂ ಬಗ್ಗಿ ನೋಡಿದರು.

'ನಾನು ಚೆನ್ನಾಗಿದ್ದೇನೆ. ನನ್ನನ್ನು ಯಾರೂ ಹುಡುಕಬೇಡಿ.'

"ಸದ್ಯ, ದೇವ್ರು ದೊಡ್ಡೋನು," ಹುಚ್ಚಕ್ಕ ಕೈ ಮುಗಿದಳು. ಚಿಕ್ಕಗೌರಮ್ಮ ಕಂಬಕ್ಕೊರಗಿ ಕೂತರು. ಜ್ಞಾನೇಶನ ಕಣ್ಣಲ್ಲಿ ನೀರು.

ದ್ರಾಕ್ಷಾಯಣಮ್ಮ ಮಾತ್ರ ಅವನ ಫೋನನ್ನು ತೆಗೆದುಕೊಂಡು ಇನ್ನೊಮ್ಮೆ ಓದಿದರು.

"ಜ್ಞಾನೇಶ್, ಅವರು ಕಾಣಿಸ್ತಿಲ್ಲ ಅಂತ ಸೈಟಿನಲ್ಲಿ ಯಾರಾದ್ರೂ ಬರೆದಿದ್ದಾರಾ?"

"ಇಲ್ಲಮ್ಮ. ನಮಗೇ ಈಗ ಗೊತ್ತಾಗಿದ್ದು."

"ನಾವೆಲ್ಲಾ ಇಲ್ಲೇ ಕೂತಿದೀವಿ. ಹುಡುಕ್ತಾ ಇದೀವಿ ಅಂತ ನಾನು ಹೇಳಿದ್ದು ಅವಳ ಗಂಡ, ತಾಯಿ, ಇಬ್ಬರಿಗೆ ಮಾತ್ರ, ಅದೂ ಹತ್ತು ನಿಮಿಷದ ಹಿಂದೆ." ಅವರು ಎದ್ದು ನಿಂತರು. "ಆ ಇಬ್ಬರಲ್ಲಿ ಒಬ್ಬರ ಪಕ್ಕದಲ್ಲಿ ನಿಸರ್ಗ ಇದ್ದಾಳೆ. ಇಲ್ಲಾಂದ್ರೆ, ಒಬ್ಬರ ಕೈಯಲ್ಲಿ ಅವಳ ಫೋನಿದೆ."